ಒಂದು ಕುರಿ, ಒಂದು ಬೇಲಿ

ಪಿಂಜಾರರ ಅರಮಾನನ ಬಗ್ಗೆ ಉಟಗಿಯಲ್ಲಿ ಯಾರನ್ನು ಕೇಳಿದರೂ ಚಲೋ ಹುಡುಗ ಎನ್ನುತ್ತಾರೆ. ಆ ಮಾತು ಕೇಳಿದಾಗೆಲ್ಲ ನನಗೆ ಮೈ ಉರಿಯುತ್ತದೆ. ಚಲೋ ಹುಡುಗನೇ, ಸುಳ್ಳಲ್ಲ. ಯಾರು ಏನು ಕೇಳಿದರೂ ಇಲ್ಲ ಎಂದವನಲ್ಲ. ಒಂದು ಗಾದಿ ತುಂಬಲು ಕರೆದರೆ ಉಳಿದ ಅರಳೆಯಲ್ಲಿ ಎರಡು ತಲೆದಿಂಬು ಪುಕ್ಕಟೆ ತುಂಬಿಕೊಟ್ಟು ಬರುತ್ತಾನೆ. ಮುದುಕಿಯರ ಮೊಬೈಲಿಗೆ ಹಾಡು ಹಾಕಿಕೊಡುತ್ತಾನೆ, ಸಾಲಿ ಹುಡುಗರ ಫಾರ್ಮು ತುಂಬಿಕೊಡುತ್ತಾನೆ. ಊರಿಗೆಲ್ಲ ಚಲೋ ಆಗುವವನು ತನ್ನ ಒಂದು ಕೆಲಸವನ್ನು ಹಿಡಿದು ಮುಗಿಸಲಾರ ಎಂಬುದು ಮಾತ್ರ ಯಾರ ಕಣ್ಣಿಗೂ ಬೀಳುವುದಿಲ್ಲ.

ನಾನು ವಿದ್ಯಾವತಿ. ಬಸ್ಸು ನಿಲ್ಲುವ ಜಾಗದ ಹಿಂದಿನ ಹಿಟ್ಟಿನ ಗಿರಣಿ ನಮ್ಮದು. ಗಂಡನ ಮನೆ ಯಳವಿ. ಗಂಡ ಲಾರಿ ಹತ್ತಿ ಹೋದರೆ ತಿಂಗಳುಗಟ್ಟಲೆ ಈ ಕಡೆ ಮುಖ ಹಾಕುವುದಿಲ್ಲ, ಹಾಗಾಗಿ ತವರಿನಲ್ಲಿದ್ದು ಅವ್ವನ ಜೊತೆ ಗಿರಣಿ ನಡೆಸುತ್ತೇನೆ. ಅಪ್ಪ ತೀರಿಕೊಂಡು ಬಹಳ ಕಾಲವಾಯಿತು. ಅವ್ವ ಸಂಗವ್ವ, ನಾನು, ತಮ್ಮ ಮಲ್ಲು, ಇಷ್ಟೇ ಮಂದಿ. ಎದುರಿಗೆ ಬಂದೇನವಾಜ ಕಾಕಾನ ಗಾದಿ ಅಂಗಡಿ, ಅದರ ಹಿಂದೆಯೇ ಮನೆ. ಅಲ್ಲಿ ಅರಳೆ ಹಾರುತ್ತದೆ, ಇಲ್ಲಿ ಹಿಟ್ಟು. ಸಂಜೆಯಾಯಿತೆಂದರೆ ಎರಡು ಮನೆಯವರ ಹುಬ್ಬೂ ಬೆಳ್ಳಗೆ. ಬಂದೇನವಾಜ ಕಾಕಾನ ಒಬ್ಬನೇ ಮಗ ಅರಮಾನ. ನನ್ನ ತಮ್ಮನಿಗೂ ಅವನಿಗೂ ಒಂದೇ ವಯಸ್ಸು, ಇಬ್ಬರೂ ಒಂದೇ ದಿನ, ಮರಾಠಿ ಸೀಮೆಯ ನಮ್ಮೂರಿನ ಕನ್ನಡ ಸಾಲಿಗೆ ಸೇರಿದವರು.

ಮಲ್ಲುಗೆ ಮೈಯ ಕಸುವು ಒಂದೊಂದೇ ಕಡೆಯಿಂದ ಇಳಿದುಹೋಗುವ ರೋಗ. ಸಾಲಿಯ ನಾಲ್ಕನೇ ಇಯತ್ತೆಯಲ್ಲಿ ಓಡುತ್ತ ಬೀಳುತ್ತಿದ್ದ. ಆರನೆಯದಕ್ಕೆ ಬರುವಷ್ಟರಲ್ಲಿ ಕಾಲು ಪೂರ್ತಿ ಸೋತವು. ಅಲ್ಲಿಂದ ಸಾಲಿ ಮುಗಿಯುವವರೆಗೆ ಅವನನ್ನು ಬೆನ್ನಮೇಲೆ ಹೊತ್ತುಕೊಂಡು ಹೋಗಿದ್ದು ಅರಮಾನನೇ. ಈ ಒಂದು ಮಾತನ್ನು ನಾನು ಯಾವಾಗಲೂ ಮೊದಲು ಹೇಳುತ್ತೇನೆ, ಯಾಕೆಂದರೆ ಮುಂದೆ ಅವನನ್ನು ಬಯ್ಯುವುದು ಬಹಳ ಇದೆ. ಇದಕ್ಕೆ ಔಷಧವಿಲ್ಲ, ಚೆನ್ನಾಗಿ ನೋಡಿಕೊಳ್ಳಿರಿ ಎಂದು ಮಿರಜದ ಡಾಕ್ಟರರು ಅಪ್ಪ ಇದ್ದಾಗಲೇ ಹೇಳಿಬಿಟ್ಟಿದ್ದರು. ನಾವು ನೋಡಿಕೊಂಡೆವು. ನೋಡುತ್ತ ಕೂರುವುದನ್ನು ಬಿಟ್ಟು ನಮ್ಮ ಕೈಯಲ್ಲಿ ಬೇರೆ ಏನೂ ಇರಲಿಲ್ಲ.

ಕೈ ನೆಟ್ಟಗಿದ್ದಾಗ ಮಲ್ಲು ಮೊಬೈಲಿನ ಆಟಗಳಲ್ಲಿ ಗಟ್ಟಿಗ. ಗಾಲಿ ಕುರ್ಚಿಯಲ್ಲಿ ಕುಳಿತು ಎರಡೂ ಹೆಬ್ಬಟ್ಟು ಆಡಿಸುತ್ತ ಅರಮಾನನನ್ನು ಸೋಲಿಸಿ ಸೋಲಿಸಿ ಅಳಿಸುತ್ತಿದ್ದ. ಬರಬರುತ್ತ ಎಡಗೈ ತೊಡೆಯ ಮೇಲೆ ಮಲಗಿಬಿಟ್ಟಿತು. ಬಲಗೈಯ ಹೆಬ್ಬಟ್ಟು ಉಳಿಯಿತು. ಮೊಬೈಲಿನ ಗಾಜನ್ನು ಜೋರಾಗಿ ಒತ್ತಬೇಕಿಲ್ಲ, ಮುಟ್ಟಿದರೆ ಸಾಕಲ್ಲವೇ ಎಂದು ನೋಡಲು ಬಂದವರು ಬುದ್ಧಿ ಹೇಳುತ್ತಾರೆ. ಮುಟ್ಟುವುದು ಕಷ್ಟವಲ್ಲ. ಮುಟ್ಟಿದ ಬೆರಳನ್ನು ಮತ್ತೆ ಎತ್ತುವುದು ಕಷ್ಟ. ಅಷ್ಟರಲ್ಲಿ ಆಟದವರು ಇವನನ್ನು ಹೊಡೆದು ಮುಗಿಸಿರುತ್ತಾರೆ.

ಅರಮಾನನಿಗೆ ಆಟ ಆಡುವುದಕ್ಕಿಂತ ಮಾಡುವುದರ ಹುಚ್ಚು. ಬಾರಾವಿ, ಅಂದರೆ ಹನ್ನೆರಡನೆಯದು, ಮುಗಿಸಿ ಅಪ್ಪನ ಜೊತೆ ಅರಳೆಗೆ ಕೂತವನು ಜತ್ತದಿಂದ ಒಂದು ಹಳೆಯ ಲ್ಯಾಪ್‌ಟಾಪ್ ತಂದ. ಹಿಂದಿಯಲ್ಲಿ, ಮರಾಠಿಯಲ್ಲಿ ಪಾಠ ಹೇಳುವ ವಿಡಿಯೋ ನೋಡಿ ನೋಡಿ ಕಲಿತ. ಕಲಿತದ್ದನ್ನು ನಮ್ಮ ಗಿರಣಿಗೆ ಬಂದು ಮಲ್ಲುಗೆ ಒಪ್ಪಿಸುತ್ತಿದ್ದ. ಹೋದ ವರ್ಷ ಸಂಕ್ರಾಂತಿಯ ಹೊತ್ತಿಗೆ, ಜೋಳ ಬೀಸುವವರ ಗದ್ದಲ ಮುಗಿದ ಒಂದು ಮಧ್ಯಾಹ್ನ, ಹಿಟ್ಟಿನ ಚೀಲದ ಮೇಲೆ ಕುಳಿತು ಹೇಳಿದ:

"ಮೊದಲನೇ ಆಟ ಸಣ್ಣದ ಇರಬೇಕಂತ ಮಲ್ಲು. ಎಲ್ಲಾರೂ ಅದನ್ನ ಹೇಳ್ತಾರ. ಆಡಾಂವ ಮಾಡೂದು ಒಂದ ಕೆಲಸ, ಅಷ್ಟ. ಒಂದ ವಾರದಾಗ ಮುಗೀಬೇಕಂತ. ಮುಗಸೂದನ್ನ ಮೊದಲ ಕಲೀಬೇಕಂತ."

"ಹಂಗಾರ ನನಗೊಂದ ಮಾಡಿ ಕೊಡಲೇ," ಎಂದ ಮಲ್ಲು. "ಒಂದ ಕುರಿ, ಒಂದ ಬೇಲಿ. ನಾ ಹೆಬ್ಬಟ್ಟ ಹಚ್ಚಿದ್ರ ಕುರಿ ಜಿಗೀಬೇಕು. ಮತ್ತೇನೂ ಬ್ಯಾಡ."

"ಇಷ್ಟ?"

"ಇಷ್ಟ. ಆದ್ರ ಲಗೂನ ಮಾಡು. ಈ ಹೆಬ್ಬಟ್ಟ ಇನ್ನ ಎಷ್ಟ ದಿನಾ ನನ್ನ ಮಾತ ಕೇಳತೈತೋ ಗೊತ್ತಿಲ್ಲ."

ಅಳುತ್ತ ಹೇಳಿದ ಮಾತಲ್ಲ. ಗಿರಣಿಯ ಪಟ್ಟಿ ಸವೆದಿದೆ, ಇನ್ನು ಬಹಳ ದಿನ ಬಾಳುವುದಿಲ್ಲ ಎಂದು ನಾವು ಹೇಳುತ್ತೇವಲ್ಲ, ಅದೇ ದನಿ. ನಾನು ಹಿಟ್ಟು ಜರಡಿ ಹಿಡಿಯುತ್ತಿದ್ದವಳು ತಲೆ ಎತ್ತಲಿಲ್ಲ. ಎತ್ತಿದ್ದರೆ ಕಣ್ಣೀರು ಕಾಣುತ್ತಿತ್ತು.

ಅರಮಾನ ನಾಲ್ಕೇ ದಿನದಲ್ಲಿ ತೋರಿಸಲು ಬಂದ. ಕರಿ ನೆಲದ ಮೇಲೆ ಒಂದು ಬಿಳಿ ಡಬ್ಬಿಯಂಥದ್ದು ಬರುತ್ತಿತ್ತು. ಅದು ಕುರಿಯಂತೆ. ಎದುರಿಗೆ ಮೂರು ಗೆರೆ, ಅದು ಬೇಲಿಯಂತೆ. ಮುಟ್ಟಿದರೆ ಡಬ್ಬಿ ಜಿಗಿಯುತ್ತಿತ್ತು. ಮಲ್ಲು ಮುಟ್ಟಿದ, ಅದು ಜಿಗಿಯಿತು. ಅವನ ಮುಖ ಅರಳಿದ್ದು ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಆ ಹೊತ್ತಿಗೇ ಅದನ್ನು ಅವನ ಮೊಬೈಲಿಗೆ ಹಾಕಿಕೊಟ್ಟು ಕೈ ತೊಳೆದುಕೊಂಡಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಅರಮಾನನಿಗೆ ನಾಚಿಕೆ. ಗೆಳೆಯನಿಗಾಗಿ ಮಾಡುವುದು ಇಷ್ಟು ಬೋಳಾಗಿದ್ದರೆ ಹೇಗೆ ಎಂದು. "ಸ್ವಲ್ಪ ಚಂದ ಮಾಡಿ ಕೊಡ್ತೀನಿ ತಡಿ," ಎಂದು ತಿರುಗಿ ಒಯ್ದ.

ಚಂದ ಮಾಡಿದ. ಡಬ್ಬಿಗೆ ಕಾಲು, ಕಿವಿ, ಉಣ್ಣೆ ಬಂದವು. ಗೆರೆಗಳು ಜಾಲಿಮುಳ್ಳಿನ ಬೇಲಿಯಾದವು. ಹಿಂದೆ ಬರೀ ಆಕಾಶವಿದೆಯಲ್ಲ ಎಂದುಕೊಂಡು ಒಂದು ಮನೆ ಬರೆದ. ಕುರಿ ಎಂದ ಮೇಲೆ ಊರ ಹೊರಗಿನ ಕುರುಬರ ಬೀರದೇವ ಮಾಮಾನ ಮನೆಯೇ ಇರಲಿ ಎಂದುಕೊಂಡ. ಕಾಲು ಇದ್ದಾಗ ಮಲ್ಲು ಅಲ್ಲಿಯ ಕುರಿದೊಡ್ಡಿಯಲ್ಲಿಯೇ ಬೆಳೆದವನು. ಬೇವಿನ ಮರ, ವಾಲಿದ ಬಾಗಿಲು, ಗೋಡೆಗೆ ಆನಿಸಿದ ಕಂಬಳಿ, ಎಲ್ಲವನ್ನೂ ಇದ್ದಂತೆಯೇ ಬರೆದ. ಬರೆದದ್ದನ್ನು ಗಾದಿ ಅಂಗಡಿಯಲ್ಲಿ ಕುಳಿತು ನೋಡುತ್ತಿರುವಾಗ ಮಹಾಂತ ಬಂದ.

ಮಹಾಂತ ಊರ ಪುಢಾರಿ. ಯಾರ ಹುಟ್ಟುಹಬ್ಬವಿರಲಿ, ಚೌಕದಲ್ಲಿ ಫ್ಲೆಕ್ಸ್ ಕಟ್ಟಿಸುವವನು ಅವನೇ. ಅದರಲ್ಲಿ ಯಾರ ಮುಖ ಎಷ್ಟು ದೊಡ್ಡದಿರಬೇಕು ಎಂಬುದು ಅವನಿಗೆ ಬಾಯಿಪಾಠ. ಬಗ್ಗಿ ನೋಡಿದ.

"ಇದು ಬೀರದೇವನ ಮನಿ ಅಲ್ಲೇನಲೇ? ಅದ ಬಾಗಲಾ ಐತಿ. ನಮ್ಮ ಮನಿ ಎಲ್ಲೈತಿ?"

"ಇದು ಮನೀ ಆಟ ಅಲ್ರೀ ಅಣ್ಣಾ, ಕುರಿ ಜಿಗಿಯೂ ಆಟ."

"ಅದು ಖರೇ. ಬೀರದೇವನ ಮನಿ ಬರತೈತಿ, ನಮ್ಮ ಮನಿ ಬರೂದಿಲ್ಲ ಅಂದ್ರ ಏನ ತಿಳಕೋಬೇಕು ನಾವು?"

ನಮ್ಮ ಕಡೆಯವರಲ್ಲದವರಿಗೆ ಇದು ಹುಡುಗಾಟದ ಮಾತೆನಿಸಬಹುದು. ಇಲ್ಲಿ ಮದುವೆಗೆ ಪತ್ರಿಕೆ ಹಂಚಿದರೆ ಸಾಲದು, ಮನೆಮನೆಯ ಬಾಗಿಲಿಗೆ ಹೋಗಿ ಬಾಯಿತುಂಬ ಬರ್ರಿ ಎಂದು ಹೇಳಿಕೆ ಕೊಡಬೇಕು. ಮರೆತು ಒಂದು ಬಾಗಿಲು ತಪ್ಪಿದರೂ ಆ ಮನೆಯವರು ಊಟಕ್ಕೆ ಬರುವುದಿಲ್ಲ, ತಮ್ಮ ಮನೆಯ ಕಾರ್ಯಕ್ಕೂ ಕರೆಯುವುದಿಲ್ಲ. ಅಜ್ಜನ ಕಾಲದಲ್ಲಿ ತಪ್ಪಿದ ಹೇಳಿಕೆಗೆ ಮೊಮ್ಮಕ್ಕಳು ಮಾತು ಬಿಟ್ಟ ಮನೆಗಳು ನಮ್ಮ ಓಣಿಯಲ್ಲಿಯೇ ಇವೆ. ಒಬ್ಬರ ಮನೆಯನ್ನು ಬರೆದೆ ಎಂದರೆ ಅಲ್ಲಿಂದ ಹೇಳಿಕೆ ಶುರುವಾಯಿತು ಎಂದೇ ಲೆಕ್ಕ. ಬರೆಯುವಾಗ ಅರಮಾನನಿಗೆ ಇದು ಹೊಳೆಯಲೇ ಇಲ್ಲ.

ಬಂದೇನವಾಜ ಕಾಕಾನಿಗೆ ಕೂಡಲೇ ಹೊಳೆಯಿತು. ಮಹಾಂತ ಹೋದ ಮೇಲೆ ಮಗನಿಗೆ ಹೇಳಿದ: "ಒಬ್ಬರದು ಹಾಕಿದಿ, ಮುಗೀತ ಇನ್ನ. ಎಲ್ಲಾರದೂ ಹಾಕಬೇಕು. ಮುಂದ ಲಗ್ನದ ದಿನಾ ಬರಾಕತ್ತಾವು. ಗಾದಿ ತುಂಬಸಾವರು ಇವರ ಅಲ್ಲೇನ? ಊರಾಗ ನಮ್ಮ ಪಿಂಜಾರರವು ನಾಕ ಮನಿ ಅಷ್ಟ. ಯಾರ ಜೋಡೀನೂ ಕೆಡಸ್ಕೊಳ್ಳಾಕ ಬರೂದಿಲ್ಲ."

ಅರಮಾನನ ತಾಯಿ ಸಕೀನಾ ಚಾಚಿ ಒಳಗಿನಿಂದಲೇ, "ನಕ್ಕೋ ಬೋಲ್ನಾ ಸೀಕ್ ರೇ ಬಾಬಾ," ಎಂದಳು. ಬೇಡ ಅನ್ನೋದನ್ನು ಕಲಿ ಎಂದು. ಅದನ್ನು ಕಲಿಯುವ ವಯಸ್ಸು ಅವನದು ದಾಟಿಹೋಗಿತ್ತು.

"ಬೀರದೇವನ ಮನೀನ ತಗದ ಒಗಿ, ಯಾರದೂ ಇರೂದಿಲ್ಲ," ಎಂದೆ ನಾನು.

"ತಗೀಲಾಕ ಬರೂದಿಲ್ರೀ ಅಕ್ಕಾರ. ಬೀರದೇವ ಮಾಮಾ ನೋಡಿ ಹೋಗ್ಯಾನ. ಮನಿ ಮಂದೀನ ಕರಕೊಂಡ ಬಂದು ಮತ್ತೊಮ್ಮಿ ನೋಡ್ಯಾನ. ಈಗ ತಗದ್ರ ಪಂಗತಿಯಿಂದ ಎಬಿಸಿ ಕಳಿಸಿದಂಗ ಆಗತೈತಿ."

ನೋಡಿದಿರಾ? ಹಾಕಿದರೂ ತಪ್ಪು, ತೆಗೆದರೂ ತಪ್ಪು. ಇದಕ್ಕೆ ನಾನು ಏನು ಹೇಳಲಿ?

ಮಹಾಂತನ ಮನೆ ಬಂತು. ಅವನ ಮನೆ ಬಂದ ಮೇಲೆ ಅವನ ಎದುರು ಪಾರ್ಟಿಯವರ ಮನೆ. ಆಮೇಲೆ ಓಣಿ ಓಣಿಯೇ ಬಂತು. ದರ್ಗಾ ಬಂತು, ಮಠ ಬಂತು, ಯಾವುದು ಮೊದಲು ಕಾಣಬೇಕು ಎಂಬ ಜಗಳ ಬಂತು. ಒಬ್ಬಳು, ಬರುವ ವರ್ಷ ಹಳದಿ ಬಣ್ಣ ಬಳಿಸುವವರಿದ್ದೇವೆ, ಈಗಲೇ ಹಳದಿ ಹಾಕು ಎಂದಳು. ಇನ್ನೊಬ್ಬ ತೀರಿಕೊಂಡ ಅಜ್ಜನನ್ನು ಕಟ್ಟೆಯ ಮೇಲೆ ಕೂರಿಸು ಎಂದ. ಟ್ರ್ಯಾಕ್ಟರು, ಮೋಟಾರು ಸೈಕಲ್ಲು, ಮಾರಿದ ಎತ್ತು, ಎಲ್ಲ ಸೇರಿದವು. ಕೊನೆಗೆ ನಮ್ಮ ಅವ್ವ ಕೂಡ, "ನಮ್ಮ ಗಿರಣಿ ಹಾಕಿಯಿಲ್ಲೋ ತಮ್ಮಾ? ಬೋರ್ಡ್ ಕಾಣಬೇಕ ನೋಡು," ಎಂದಾಗ ಹಿಟ್ಟಿನ ಸೇರು ನನ್ನ ಕೈಯಿಂದ ಬಿತ್ತು.

"ಹಾಸಿಗಿ ಇದ್ದಷ್ಟ ಕಾಲ ಚಾಚಬೇಕಂತಾರ. ಹಾಸಿಗಿ ಮಾಡಾಂವನ ಮಗ ನೀ, ನಿನಗ ನಾ ಹೇಳಬೇಕೇನ?" ಎಂದು ಅರಮಾನನ ಮೇಲೆ ರೇಗಿದೆ. ನಕ್ಕ. ಅಕ್ಕಾರ ಸಿಟ್ಟು ಹಾಲಿನ ಉಕ್ಕು ಎಂದು ಎಲ್ಲರಿಗೂ ಗೊತ್ತು.

ಇನ್ನೊಂದನ್ನೂ ಹೇಳಿಬಿಡುತ್ತೇನೆ. ಅವನಿಗೆ ಇದು ರುಚಿಸತೊಡಗಿತ್ತು. ನಿನ್ನೆಯವರೆಗೆ ಬಾಗಿಲ ಹೊರಗೇ ನಿಲ್ಲಿಸಿ ಗಾದಿ ಅಳತೆ ಹೇಳುತ್ತಿದ್ದವರು ಈಗ ಒಳಗೆ ಕರೆದು ಚಹಾ ಕೊಡುತ್ತಿದ್ದರು. ಅರಮಾನ ಅವರ ಪಡಸಾಲೆಯಲ್ಲಿ ಕುಳಿತು ಕಿಟಕಿ ಎಷ್ಟು, ಕಂಬ ಎಷ್ಟು ಎಂದು ಕೇಳಿ ಬರೆದುಕೊಳ್ಳುತ್ತಿದ್ದ. ಹುಡುಗರು ಗೇಮಿನ ಸಾಹೇಬ ಎಂದು ಕರೆಯುತ್ತಿದ್ದರು. ಅರಳೆ ಹಿಂಜುವವನ ಮಗನಿಗೆ ಯಾರು ಅಷ್ಟು ಮರ್ಯಾದೆ ಕೊಟ್ಟಿದ್ದರು? ಅದನ್ನು ಬಿಟ್ಟುಕೊಡು ಎನ್ನಲು ನನಗೂ ಬಾಯಿ ಬರುತ್ತಿರಲಿಲ್ಲ. ಮಲ್ಲುವಿನ ಕೈ ನೋಡಿದಾಗ ಮಾತ್ರ ಬರುತ್ತಿತ್ತು.

ಮಲ್ಲು ದಿನಾ ಒಂದೇ ಪ್ರಶ್ನೆ ಕೇಳುತ್ತಿದ್ದ: "ಕುರಿ ಎಲ್ಲಿಗಿ ಬಂತು?"

"ಐತಿ, ಐತಿ. ಈ ಓಣಿ ಒಂದ ಮುಗೀಲಿ."

ಕೇಳುವವನು ಬೇಸರಪಡಲಿಲ್ಲ. ಹೇಳುವವನು ಸುಳ್ಳು ಹೇಳುತ್ತಿರಲಿಲ್ಲ. ಓಣಿಗಳು ಮಾತ್ರ ಮುಗಿಯುತ್ತಿರಲಿಲ್ಲ. ಚಮಚ ಹಿಡಿಯುತ್ತಿದ್ದ ಬಲಗೈ ಈ ನಡುವೆ ಚಮಚ ಬಿಟ್ಟಿತು, ನಾನು ತಿನ್ನಿಸತೊಡಗಿದೆ. ಹೆಬ್ಬಟ್ಟು ಇನ್ನೂ ಏಳುತ್ತಿತ್ತು. ಬೆಳಗ್ಗೆ ಅವನ ಮುಖ ಒರೆಸುವಾಗ ನಾನು ಮೊದಲು ನೋಡುತ್ತಿದ್ದುದು ಅದನ್ನೇ.

ಮದುವೆಗಳೆಲ್ಲ ಮುಗಿದು, ಇನ್ನೇನು ಮಳೆಗಾಲದ ಮೊದಲಿನ ಮಿರಗದ ಮಳೆ ಬರಬೇಕು ಎನ್ನುವಾಗ ಅರಮಾನ ಆಟ ತಂದ. ತರುವ ಮೊದಲೇ ಸುದ್ದಿ ಹಬ್ಬಿ ಗಿರಣಿಯ ಮುಂದೆ ಮಂದಿ ಕೂಡಿತ್ತು. ಮಲ್ಲುವಿನ ಕುರ್ಚಿಯ ಹಲಗೆಗೆ ಮೊಬೈಲು ಕಟ್ಟಿದೆವು. ತೆರೆದರೆ ನಿಜವಾಗಿಯೂ ಇಡೀ ಉಟಗಿ. ನಾನು ಸಿಟ್ಟಿನವಳು, ಆದರೆ ಕುರುಡಿಯಲ್ಲ, ಬಹಳ ಚಂದ ಬರೆದಿದ್ದ. ಒಬ್ಬೊಬ್ಬರೂ ಬಗ್ಗಿ ತಮ್ಮ ತಮ್ಮ ಮನೆ ಹುಡುಕಿಕೊಂಡು, ಸಿಕ್ಕ ಕೂಡಲೇ ಸಮಾಧಾನವಾಗಿ ಹಿಂದೆ ಸರಿಯುತ್ತಿದ್ದರು. ಅದರೊಳಗೆ, ಮಹಾಂತನ ಮನೆಯ ಮುಂದೆ, ಕುರಿ ನಿಂತಿತ್ತು.

"ಎಡಗೈಲೆ ಇಲ್ಲಿ ತಿರಿವಿದ್ರ ಕುರಿ ನಡೀತೈತಿ, ಬಲಗೈಲೆ..." ಎನ್ನುತ್ತಿದ್ದ ಅರಮಾನನ ಬಾಯಿ ಅರ್ಧಕ್ಕೆ ನಿಂತಿತು.

ಊರೆಲ್ಲ ತಿರುಗಬೇಕಾದರೆ ಕುರಿ ನಡೆಯಬೇಕು. ನಡೆಸಲು ಇನ್ನೊಂದು ಕೈ ಬೇಕು. ಮನೆಗಳ ಗಡಿಬಿಡಿಯಲ್ಲಿ ಇವನಿಗೆ ಗೆಳೆಯನ ಎಡಗೈ ಮರೆತುಹೋಗಿತ್ತು. ಸಾಲಿಗೆ ಹೊತ್ತುಕೊಂಡು ಹೋದವನಿಗೆ, ಆ ಕೈಯನ್ನು ತನ್ನ ಕೊರಳಿಗೆ ತಾನೇ ಹಾಕಿಕೊಳ್ಳುತ್ತಿದ್ದವನಿಗೆ! ನಾನು ಆ ಕೈಯನ್ನು ಎತ್ತಿ ಗಾಜಿನ ಮೇಲೆ ಇಟ್ಟೆ. ಅದು ಜಾರಿ ಕೆಳಗೆ ಬಿತ್ತು. ಮಲ್ಲು ಬಲ ಹೆಬ್ಬಟ್ಟು ಹಚ್ಚಿದ. ಕುರಿ ನಿಂತಲ್ಲೇ ಜಿಗಿಯಿತು, ಇಡೀ ಊರಿನ ಭಾರಕ್ಕೆ ಮೊಬೈಲು ಕಾದು ಹೆಂಚಾಗಿತ್ತು, ಕುರಿ ಕೆಳಗಿಳಿಯದೆ ಮಹಾಂತನ ಬಾಗಿಲ ಮುಂದೆ ಗಾಳಿಯಲ್ಲೇ ನಿಂತುಬಿಟ್ಟಿತು. ಮಂದಿ ಘೊಳ್ಳೆಂದು ನಕ್ಕರು. ಮಲ್ಲುವೂ ನಕ್ಕ.

ಎಲ್ಲರೂ ಹೋದ ಮೇಲೆ ಮಲ್ಲು ಕೇಳಿದ: "ಬೇಲಿ ಎಲ್ಲೈತಿ ಅರಮಾನ?"

ಅರಮಾನ ನೆಲ ನೋಡಿದ. "ತಗದೆ. ಮನಿ ಮುಂದ ಮುಳ್ಳ ಹಚ್ಚಬ್ಯಾಡ, ಚಲೋ ಅಲ್ಲ ಅಂದ್ರು. ಯಾರ ಮನಿ ಮುಂದನೂ ಹಚ್ಚಗೊಡಲಿಲ್ಲ."

ಅಂದು ನಾನು ಆಡಬಾರದ್ದನ್ನೆಲ್ಲ ಆಡಿದೆ. ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ತಿರುಗಿದೆಯಲ್ಲೋ ಎಂದೆ. ಊರ ಮಂದಿಗೆಲ್ಲ ಮನೆ ಕೊಟ್ಟೆ, ಕೇಳಿದವನಿಗೆ ಒಂದು ಬೇಲಿ ಕೊಡಲಿಲ್ಲವಲ್ಲೋ ಎಂದೆ. ಅವನು "ನಾ ಏನ ಮಾಡ್ಲಿ ಅಕ್ಕಾರ, ನಾ ಏನ ಮಾಡ್ಲಿ," ಎಂದು ಅದನ್ನೇ ಅಂದ. ಅವನ ಹುಬ್ಬಿನ ಮೇಲಿನ ಅರಳೆ ಕೂಡ ಅಲುಗಲಿಲ್ಲ. ಬಯ್ದು ಬಯ್ದು ನನಗೇ ಸಾಕಾಯಿತು.

ಮಳೆ ಹಿಡಿದ ಮೇಲೆ ಮಲ್ಲುಗೆ ನೆಗಡಿಯಾಯಿತು. ನಮಗೆ ನಿಮಗೆ ಆದರೆ ನೆಗಡಿ. ಅವನಿಗೆ ಕಫ ಕೆಮ್ಮಿ ತೆಗೆಯಲು ಎದೆಯಲ್ಲಿ ಕಸುವಿಲ್ಲ. ಎರಡು ದಿನದಲ್ಲಿ ತುಟಿ ನೀಲಿಯಾದವು. ಜೀಪು ಮಾಡಿಕೊಂಡು ಮಿರಜಕ್ಕೆ ಓಡಿದೆವು. ಅಲ್ಲಿ ಬಹಳ ದಿನ ಇದ್ದೆವು. ಮೂಗಿಗೆ ಕಟ್ಟುವ ಉಸಿರಿನ ಯಂತ್ರ ಕೊಟ್ಟರು, ಇನ್ನು ಮಲಗುವಾಗ ಇದು ಇರಲೇಬೇಕು ಎಂದರು. ಡಾಕ್ಟರರು ಚೆನ್ನಾಗಿಯೇ ನೋಡಿದರು. ಹೊರಗೆ ಕೂರಲು ಹಾಕಿದ್ದ ಉದ್ದ ಬಾಕಿನ ಮೇಲೆ ಅವ್ವ ಸೆರಗು ಬಾಯಿಗೊತ್ತಿಕೊಂಡು ಕೂತಿದ್ದರೆ, ನಾನು ಅವಳಿಗೆ ಸಮಾಧಾನ ಹೇಳುವ ಬದಲು ಅವಳಿಗೂ ಗದರುತ್ತಿದ್ದೆ. ಹೆದರಿಕೆ ಆದಾಗ ನನಗೆ ಬರುವುದು ಅದೊಂದೇ.

ಒಂದು ದಿನ ಅರಮಾನ ಎಸ್‌ಟಿ ಬಸ್ಸಿನಲ್ಲಿ ಬಂದ. ಬೆನ್ನಿಗೆ ಲ್ಯಾಪ್‌ಟಾಪಿನ ಚೀಲ. ಮಲ್ಲುವನ್ನು ನೋಡಿ ಹೊರಗೆ ಬಂದು ನಮ್ಮ ಬಾಕಿನ ತುದಿಗೆ ಕುಳಿತ.

"ಎಲ್ಲಾ ತಗದ ಹಾಕಿದೆ ಅಕ್ಕಾರ."

"ಏನ ತಗದಿ?"

"ಊರು. ಒಬ್ಬರನ್ನ ಬಿಟ್ರ ಅಲ್ಲ ಸಿಟ್ಟು? ಎಲ್ಲಾರನ್ನೂ ಬಿಟ್ಟೆ. ನಮ್ಮನೀನೂ ಬಿಟ್ಟೆ. ಕುರಿ ಐತಿ, ಬೇಲಿ ಐತಿ, ಅಷ್ಟ."

ಜನವರಿಯಲ್ಲಿ ನಾಲ್ಕು ದಿನಕ್ಕೆ ಮಾಡಿದ್ದ ಆಟಕ್ಕೆ ಆ ಬಾಕಿನ ಮೇಲೆ ಕೂತು ತಿರುಗಿ ಬಂದಿದ್ದ. ಊರವರು ಮುನಿಸಿಕೊಂಡರು. ಇದ್ದ ಮನೆ ಹೋಯಿತಲ್ಲ ಎಂದು ಮಹಾಂತ ಮುಂದಿದ್ದ ತಂಗಿಯ ಮದುವೆಯ ಗಾದಿಗಳನ್ನು ಪಕ್ಕದ ಉಮದಿಯಲ್ಲಿ ತುಂಬಿಸಿದ. ಬಂದೇನವಾಜ ಕಾಕಾ ಕೆಲಸವಿಲ್ಲದೆ ಅಂಗಡಿಯ ಮುಂದೆ ಕೂತಿರುತ್ತಿದ್ದ. ನನಗೆ ಅವನನ್ನು ನೋಡಲಾಗುತ್ತಿರಲಿಲ್ಲ.

ಮಲ್ಲು ಮನೆಗೆ ಬಂದ ಮೇಲೆ ಕುರ್ಚಿಯಲ್ಲಿ ಹೆಚ್ಚು ಹೊತ್ತು ಕೂರಲಾಗಲಿಲ್ಲ. ಮಂಚದ ಮೇಲೆ ದಿಂಬಿಗೆ ಆನಿಸಿ ಕೂರಿಸಿ, ಅರಮಾನ ಎದುರಿಗೆ ಮೊಬೈಲು ನಿಲ್ಲಿಸಿದ. ಕುರಿ ಓಡುತ್ತ ಬಂತು. ಹೆಬ್ಬಟ್ಟು ಗಾಜಿನ ಮೇಲಿತ್ತು. ಅದನ್ನು ಎತ್ತಿ ಮತ್ತೆ ಇಡುವಷ್ಟರಲ್ಲಿ ಕುರಿ ಮುಳ್ಳಿನಲ್ಲಿತ್ತು.

"ತಡಿ, ಸ್ವಲ್ಪ ಸಾವಕಾಶ ಮಾಡ್ತೀನಿ," ಎಂದ ಅರಮಾನ.

ಮರುದಿನ ಕುರಿ ಸಾವಕಾಶ ಬಂತು. ಆದರೂ ಮುಳ್ಳಿಗೆ ಬಿತ್ತು. ಅದರ ಮರುದಿನ ಇನ್ನೂ ಸಾವಕಾಶ. ಓಡುವುದು ಬಿಟ್ಟು ನಡೆಯಿತು, ನಡೆಯುವುದು ಬಿಟ್ಟು ತೂಕಡಿಸುತ್ತ ಬಂತು. "ಬಸರಿ ಕುರಿ ಐತೇನ್ಲೇ ಇದು?" ಎಂದು ಮಲ್ಲು ತಮಾಷೆ ಮಾಡಿದ. ನಾವೆಲ್ಲ ನಕ್ಕೆವು. ಅರಮಾನ ಎಷ್ಟು ತಡ ಮಾಡಿದರೂ ಆ ಬೆರಳು ಅದಕ್ಕಿಂತ ಒಂದು ಗುಂಜಿ ಹೆಚ್ಚೇ ತಡ ಮಾಡುತ್ತಿತ್ತು. ಸಣ್ಣ ಆಟ ಮಾಡುವುದು ಹೇಗೆ ಎಂದು ವಿಡಿಯೋದವರು ಹೇಳಿಕೊಟ್ಟಿದ್ದರು. ಇದಕ್ಕಿಂತ ಸಣ್ಣದು ಮಾಡುವುದು ಹೇಗೆ ಎಂದು ಯಾರೂ ಹೇಳಿರಲಿಲ್ಲ. ಅವನು ನಮ್ಮ ಹೊಸ್ತಿಲಲ್ಲಿ ಕುಳಿತು ಲ್ಯಾಪ್‌ಟಾಪಿನಲ್ಲಿ ಏನೋ ತಿದ್ದುವುದು, ಒಳಗೆ ಬಂದು ತೋರಿಸುವುದು, ಕುರಿ ಬೀಳುವುದು, ಮತ್ತೆ ಹೊಸ್ತಿಲಿಗೆ ಹೋಗುವುದು. ಅವನನ್ನು ಬಯ್ಯಲು ನನಗೆ ಈಗ ನೆಪವೂ ಇರಲಿಲ್ಲ.

ಗಣಪತಿ ಹಬ್ಬ ಮುಗಿದ ಮೇಲೆ ಒಂದು ಮುಂಜಾನೆ ಬಂದ. ಕಣ್ಣು ಕೆಂಪಾಗಿದ್ದವು.

"ಈಗ ನೋಡು. ಎತ್ತೂದು ಏನೂ ಬ್ಯಾಡ. ಹೆಬ್ಬಟ್ಟ ಗಾಜಿನ ಮ್ಯಾಲ ಇರಲಿ. ಬೇಲಿ ಬಂದಾಗ ಮನಸ್ಸಿನಾಗ ಒತ್ತು, ಬೆರಳು ಇಷ್ಟ ಮಿಸುಕಿದ್ರೂ ಅದಕ್ಕ ತಿಳೀತೈತಿ."

ಮಲ್ಲುವಿನ ಹೆಬ್ಬಟ್ಟನ್ನು ತಾನೇ ಗಾಜಿನ ಮೇಲಿಟ್ಟ. ಕುರಿ ಬಂತು. ಬೇಲಿ ಬಂತು. ಕುರಿ ಜಿಗಿಯಿತು.

ಮಲ್ಲು ಉಸಿರು ಬಿಗಿಹಿಡಿದ. ಇನ್ನೊಂದು ಬೇಲಿ ಬಂತು, ಜಿಗಿಯಿತು. ಮತ್ತೊಂದು. ಅವ್ವ ಗಿರಣಿ ಬಂದ್ ಮಾಡಿ ಓಡಿಬಂದು ನೋಡಿ, "ನನ್ನ ಮಗಾ ಜಿಗಸಾಕತ್ತಾನ್ರೇ!" ಎಂದು ಕೂಗಿ ಎದುರು ಮನೆಯ ಸಕೀನಾ ಚಾಚಿಯನ್ನು ಕರೆದಳು. ಇಬ್ಬರೂ ಕೈ ಹಿಡಿದುಕೊಂಡು ಅತ್ತರು. ಅವ್ವ ಡಬ್ಬಿಯಲ್ಲಿದ್ದ ಸಕ್ಕರೆಯನ್ನು ಎಲ್ಲರ ಬಾಯಿಗೂ ಹಾಕಿದಳು. ಅರಮಾನನ ಬಾಯಿಗೂ ಹಾಕಿದಳು. ಅವನು ಅದನ್ನು ಚಪ್ಪರಿಸದೆ ಹಾಗೇ ಬಾಯಲ್ಲಿಟ್ಟುಕೊಂಡು ಗೋಡೆ ನೋಡುತ್ತ ನಿಂತಿದ್ದ. ಇಷ್ಟು ದಿನ ಹೆಣಗಿ ಮುಗಿಸಿದವನು ತನ್ನ ಆಟವನ್ನೇ ಯಾಕೆ ನೋಡುತ್ತಿಲ್ಲ ಎಂದು ನನಗೆ ವಿಚಿತ್ರವೆನಿಸಿತು.

ಮಂದಿ ಚದುರಿದರು. ಅವ್ವ ಗಿರಣಿಗೆ ಹೋದಳು. ಬಂದೇನವಾಜ ಕಾಕಾ ಕರೆದನೆಂದು ಅರಮಾನ ಅರಳೆ ಮೂಟೆ ಇಳಿಸಿಕೊಡಲು ಅಂಗಡಿಗೆ ಹೋದ. ಮಂಚದ ಹತ್ತಿರ ನಾನೊಬ್ಬಳೇ ಇದ್ದೆ. ಮಲ್ಲು ಆಡುತ್ತಲೇ ಇದ್ದ. ಪ್ರತಿ ಬೇಲಿಗೂ ಅವನ ಹುಬ್ಬು ಗಂಟಿಕ್ಕುತ್ತಿತ್ತು, ಹಣೆಯ ಮೇಲೆ ಬೆವರು ಬಂದಿತ್ತು. ಒರೆಸೋಣವೆಂದು ಸೆರಗು ಚಾಚುವಾಗ ಅವನ ಕೈ ಮೆಲ್ಲಗೆ ಗಾಜಿನಿಂದ ಜಾರಿ ಕೌದಿಯ ಮೇಲೆ ಬಿತ್ತು.

ಕುರಿ ಬರುತ್ತಿತ್ತು. ಅಯ್ಯೋ ಮುಳ್ಳಿಗೆ ಬಿತ್ತು ಎಂದುಕೊಂಡೆ.

ಕುರಿ ಜಿಗಿಯಿತು.

ಮುಂದಿನ ಬೇಲಿಯನ್ನೂ ಜಿಗಿಯಿತು. ಅದರ ಮುಂದಿನದನ್ನೂ. ಗಾಜಿನ ಮೇಲೆ ಯಾರ ಬೆರಳೂ ಇರಲಿಲ್ಲ. ಮಲ್ಲು ನೋಡುತ್ತಿದ್ದ, ನಾನೂ ನೋಡುತ್ತಿದ್ದೆ. ಅವನ ಮುಖ ನೋಡುವ ಧೈರ್ಯ ನನಗೆ ಬರಲಿಲ್ಲ. ಗಿರಣಿಯ ಸದ್ದು ಬರುತ್ತಿತ್ತು, ಕುರಿ ತನ್ನಷ್ಟಕ್ಕೆ ತಾನು ಬೇಲಿ ದಾಟುತ್ತ ಹೋಗುತ್ತಿತ್ತು.

ಹೊರಗೆ ಚಪ್ಪಲಿ ಬಿಟ್ಟ ಸಪ್ಪಳವಾಯಿತು.

"ಅಕ್ಕಾ," ಎಂದ ಮಲ್ಲು, ಸಣ್ಣ ದನಿಯಲ್ಲಿ. "ಹೆಬ್ಬಟ್ಟ ಮ್ಯಾಲ ಇಡು. ಲಗೂನ. ಅಂವ ಬಂದ."

ನಾನು ಅವನ ಕೈ ಎತ್ತಿ ಗಾಜಿನ ಮೇಲೆ ಇಟ್ಟೆ. ಅರಮಾನ ಒಳಗೆ ಬಂದು ಮಂಚದ ಕಾಲ್ದೆಸೆಗೆ ನಿಂತ.

"ಹೆಂಗೈತಿ?" ಎಂದ.

ಮಲ್ಲು ಹುಬ್ಬು ಗಂಟಿಕ್ಕಿ ಮುಂದಿನ ಬೇಲಿ ಬರುವವರೆಗೆ ಕಾದ, ಕುರಿ ಜಿಗಿದ ಮೇಲೆ ಉಸಿರು ಬಿಟ್ಟ.

"ಒಂದೂ ಬೀಳಗೊಟ್ಟಿಲ್ಲ ನೋಡು," ಎಂದ.